ಬೀಗರು ಹತ್ತಿರ ಬರುತ್ತಿದ್ದಾರೆ

ಜನವರಿ ೧೮

ಪ್ರೀತಿಯ ತಮ್ಮಾ,

ನಿನ್ನ ಕಾರ್ಡು ಬಂದು ಎರಡು ತಿಂಗಳ ಮೇಲಾಯಿತು. ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಅಂತ ಅದನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದೆ. ದಿನಾ ತಲೆ ಬಾಚುವಾಗ ನಿನ್ನ ಅಕ್ಷರ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ತಡವಾಯಿತೆಂದು ಬೈಯಬೇಡ. ಬೈದರೂ ಪರವಾಗಿಲ್ಲ, ಆ ನೆಪದಲ್ಲಾದರೂ ನಾಲ್ಕು ಸಾಲು ಹೆಚ್ಚು ಬರೆದೀಯ. ‘ಚೆನ್ನಾಗಿದ್ದೇನೆ, ನೀವೂ ಚೆನ್ನಾಗಿರಿ’ ಅನ್ನುವುದಕ್ಕೆ ಅಷ್ಟು ದೊಡ್ಡ ಕಾರ್ಡು ದಂಡ. ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸಿ ಎಣಿಸಿ ನಿನಗೆ ಮಾತನ್ನೂ ಎಣಿಸಿ ಕೊಡುವ ಅಭ್ಯಾಸ ಹತ್ತಿದೆ.

ನನಗೆ ಮಂಡಿನೋವು ಬಿಟ್ಟರೆ ಬೇರೆ ಯಾವ ಕಾಯಿಲೆಯೂ ಇಲ್ಲ. ಬಂದರು ಕಚೇರಿಯಿಂದ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಹೊಸ ಸಾಹೇಬರು ಬಂದಿದ್ದಾರೆ. ವಯಸ್ಸು ಮೂವತ್ತೈದೂ ಇಲ್ಲ, ನನ್ನನ್ನು ‘ಮೇಡಂ’ ಅನ್ನುತ್ತಾರೆ, ನನ್ನ ಮಾತನ್ನು ಮಾತ್ರ ಕೇಳುವುದಿಲ್ಲ.

ಬಟಾಣಿಗೆ ಇಪ್ಪತ್ತೈದು ತುಂಬಿತು. ಅಂಗೈಯಲ್ಲಿ ಹಿಡಿಸುವಷ್ಟು ಇದ್ದಾಳೆ ಅಂತ ನೀನು ಇಟ್ಟ ಹೆಸರು. ಈಗ ನಿನ್ನ ಮಗಳು ಅಡಿಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಬರುತ್ತಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ. ಆರು ವರ್ಷ ಬೇರೆಯವರ ಹೊಲಿಗೆ ಅಂಗಡಿಯಲ್ಲಿ ದುಡಿದವಳು ಈಗ ನಮ್ಮ ಮುಂದಿನ ಕೋಣೆಯಲ್ಲೇ ಸ್ವಂತ ಅಂಗಡಿ ಹಾಕುತ್ತಿದ್ದಾಳೆ. ಮೂರು ಮೆಷಿನ್ನು, ಬಟ್ಟೆ ಕತ್ತರಿಸಲು ಒಂದು ಉದ್ದದ ಮೇಜು, ಗೋಡೆ ತುಂಬ ದಾರದ ರೀಲು. ಮೇಜನ್ನು ನಾಲ್ಕು ಜನ ಹೊತ್ತು ತಂದರು. ಮಧ್ಯಾಹ್ನವೆಲ್ಲ ಅದರ ಕಾಲಿಗೆ ರಟ್ಟು ಇಟ್ಟು ಮಟ್ಟ ಮಾಡುವುದೇ ಆಯಿತು. ಒಂದು ಕಡೆಯ ಎರಡೂ ಕಾಲು ಗಿಡ್ಡ ಅಂತ ಬಡಗಿಯನ್ನು ಕರೆದು ಬೈದಳು. ಅವನು ಕಾಲು ಅಳೆದು, ನಾಲ್ಕೂ ಒಂದೇ ಉದ್ದ ಇವೆ, ನಿಮ್ಮ ನೆಲಾನೇ ಸರಿ ಇಲ್ಲ ಅಂದ. ಅವಳು ನಂಬಲಿಲ್ಲ. ನಾನು ಇನ್ನೊಂದು ರಟ್ಟು ಹುಡುಕಿ ತಂದುಕೊಟ್ಟೆ.

ಈಗ ನಮ್ಮ ಹಳೆಯ ಕಸುಬಿನ ಸುದ್ದಿ. ಹೋದ ವಾರ ಕಡಲು ತಣ್ಣಗಿತ್ತು, ದಡಕ್ಕೂ ನೀರಿನಲ್ಲಿ ನಿಂತ ಬಂಡೆಯ ಕಂಬಕ್ಕೂ ನಡುವಿನ ವರ್ಷದ ಅಳತೆ ಮುಗಿಸಿದೆವು. ನೀನು ಹೋದ ಮೇಲೆ ಕಂಬ ಹತ್ತುವವನು ದೋಣಿಯ ಗೊಣಗಣ್ಣ. ಆಸಾಮಿಗೆ ನಿನ್ನಷ್ಟೇ ವಯಸ್ಸು, ಗೊಣಗಾಟ ಮಾತ್ರ ನಿನಗಿಂತ ಇಪ್ಪತ್ತು ವರ್ಷ ಹಿರಿಯದು. ಟೇಪಿನ ಸೊನ್ನೆಯ ತುದಿಯನ್ನು ಅವನು ಕಂಬದ ತಲೆಯ ಕಬ್ಬಿಣದ ಬಳೆಗೆ ಹಿಡಿಯುತ್ತಾನೆ, ನಾನು ಈಚೆ ದಡದ ಅಂಚಿನಲ್ಲಿ ಅಪ್ಪ ಹೊಡೆದ ಹಿತ್ತಾಳೆ ಮೊಳೆಯ ಮುಂದೆ ಮಂಡಿಯೂರಿ ಅಂಕಿ ಓದುತ್ತೇನೆ. ಮೂವತ್ತಮೂರು ಮೀಟರ್ ಐವತ್ತೊಂಬತ್ತು ಸೆಂಟಿಮೀಟರ್. ಅಪ್ಪ ಶುರು ಮಾಡಿದಾಗ ಸರಿಯಾಗಿ ಮೂವತ್ತನಾಲ್ಕು ಇತ್ತು. ಮೊದಮೊದಲು ವರ್ಷಕ್ಕೆ ಅರ್ಧ ಸೆಂಟಿಮೀಟರೂ ಹೋಗುತ್ತಿರಲಿಲ್ಲ, ಆಮೇಲೆ ಒಂದು, ಹೆಚ್ಚೆಂದರೆ ಎರಡು. ಈ ಒಂದೇ ವರ್ಷದಲ್ಲಿ ಹನ್ನೊಂದು ಹೋಗಿದೆ.

ಊರಿನವರಿಗೆ ಇದು ಇನ್ನೂ ತಮಾಷೆಯೇ. ಆ ಬಂಡೆಗೆ ಬೀಗರ ಕಂಬ ಅಂತ ಹೆಸರಿಟ್ಟವರು ಯಾರೋ, ನೀರಿನ ಮಧ್ಯೆ ಬಿಗುಮಾನದಿಂದ ನಿಂತು ನಾವೇ ಬಂದು ಕರೆಯಲಿ ಅಂತ ಕಾಯುವ ಹಾಗೆ ಕಾಣುತ್ತದೆ ಅಂತ. ಅಂಕಿ ಕಡಿಮೆಯಾದಾಗಲೆಲ್ಲ ‘ಬೀಗರು ಹತ್ತಿರ ಬರ್ತಿದ್ದಾರೆ, ಕಾಫಿ ಕಾಯಿಸಿ’ ಅನ್ನುತ್ತಾರೆ. ಕಂಬ ವಾಲುತ್ತಿದೆ, ಒಂದು ದಿನ ಕಡಲಿಗೆ ಬೀಳುತ್ತದೆ, ಬಿದ್ದರೆ ಬೀಳಲಿ, ಅದರಿಂದ ಯಾರ ಗಂಟು ಹೋಗುತ್ತದೆ ಅನ್ನುವುದು ಎಲ್ಲರ ಅಭಿಪ್ರಾಯ. ಸಾಹೇಬರಿಗಂತೂ ಹನ್ನೊಂದು ಸೆಂಟಿಮೀಟರ್ ಕೇಳಿ ಉತ್ಸಾಹ ಬಂದುಬಿಟ್ಟಿದೆ. ಬೀಳುವ ಮೊದಲು ನೋಡಲು ಜನ ಬರುತ್ತಾರೆ ಅಂತ ದಡದ ಅಂಚಿಗೆ ಕಂಬಿಬೇಲಿ ಹಾಕಿಸಿ, ಒಂಬತ್ತು ಕಲ್ಲುಬೆಂಚು ಇಡಿಸುತ್ತಿದ್ದಾರೆ. ಜನ ಬಂದರೆ ಬಟ್ಟೆ ಹೊಲಿಸಿಕೊಳ್ಳುವವರೂ ಬರುತ್ತಾರೆ ಅನ್ನುವುದು ನಿನ್ನ ಮಗಳ ಲೆಕ್ಕಾಚಾರ.

ಗೊಣಗಣ್ಣ ಕಂಬದಿಂದ ಇಳಿದು ಬಂದು ಮೊದಲ ಬಾರಿಗೆ ಗೊಣಗಲಿಲ್ಲ. ಏನಾಯ್ತೋ ಅಂದೆ. “ಅಕ್ಕಾ, ಅಲ್ಲಿ ಮೇಲೆ ನಿಂತು ಈ ಕಡೆ ನೋಡಿದ್ರೆ ಮನೆಗಳು ದೊಡ್ಡದಾಗಿ ಕಾಣ್ತಾವೆ” ಅಂದ. ಅವನಿಗೆ ಕನ್ನಡಕ ಬೇಕು ಅಂತ ಹೇಳಿ ನಕ್ಕೆ.

ಬಟಾಣಿಗೆ ಒಂದು ಕಾಗದ ಬರೆ. ಅವಳು ಉತ್ತರ ಬರೆಯುವುದಿಲ್ಲ, ನನಗೆ ಗೊತ್ತು. ಆದರೂ ಬರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ಹೆಚ್ಚು ಕೆಲಸ ಕೊಡಬೇಡ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಕ್ಕ


ಮಾರ್ಚ್ ೨

ಪ್ರೀತಿಯ ತಮ್ಮಾ,

ನಿನ್ನ ಕಾಗದ ಒಂಬತ್ತನೇ ದಿನಕ್ಕೇ ಬಂತು. ಒಂದು ಪೂರ್ತಿ ಹಾಳೆ. ಲಕೋಟೆ ಒಡೆಯುವಾಗ ಖುಷಿಯಾಗಿತ್ತು, ಓದಿದ ಮೇಲೆ ಮಡಚಿ ಡಬ್ಬಿಯೊಳಗೆ ಹಾಕಿಟ್ಟೆ. ಅದಕ್ಕೇ ಈ ಸಲ ತಡ. ಬೇರೆ ನೆಪ ಹೇಳುವುದಿಲ್ಲ.

‘ನನ್ನ ಮಾತಿಗೆ ಬೆಲೆ ಇಲ್ಲ ಅಂತ ಗೊತ್ತು, ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ, ಆದರೂ ಒಂದು ಸಲ ಸಾಕ್ಷಿ ಮೊಳೆ ಅಳೆದು ನೋಡು ಅಕ್ಕಾ’ ಅಂತ ಬರೆದಿದ್ದೀಯ. ಇಷ್ಟು ತಗ್ಗಿ ಬಗ್ಗಿ ಕೇಳಬೇಕಾ ನನ್ನನ್ನು? ನಾನೇನು ನಿನ್ನ ಸಾಹೇಬಳಾ?

ಸಾಕ್ಷಿ ಮೊಳೆ ಇರುವುದು ಅಲ್ಲೇ, ನಮ್ಮ ಸಾಲುಮನೆಗಳ ಹಿಂದಿನ ರಸ್ತೆ ದಾಟಿದರೆ ಸಿಗುವ ಶಾಲೆಯ ಕೆಳಗಿನ ಮೆಟ್ಟಿಲಲ್ಲಿ. ಮೊನ್ನೆ ಹೋಗಿ ನೋಡಿದೆ. ಮಕ್ಕಳ ಚಪ್ಪಲಿ ತಾಗಿ ತಾಗಿ ಹೊಳೆಯುತ್ತಿದೆ. ಅಪ್ಪ ದಡದ ಮೊಳೆ, ಈ ಮೊಳೆ ಎರಡನ್ನೂ ಒಂದೇ ದಿನ ಹೊಡೆದು, ಅವೆರಡರ ನಡುವಿನ ಅಂತರವನ್ನು ಅಳತೆ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟಿದ್ದರಲ್ಲ: ಇಪ್ಪತ್ತೆರಡು ಮೀಟರ್ ಅರವತ್ತು. ಸಾಕ್ಷಿಯನ್ನು ಜಗಳ ಬಂದಾಗ ಮಾತ್ರ ಕರೆಯಬೇಕು, ದಿನಾ ಕರೆದರೆ ಅದಕ್ಕೆ ಮರ್ಯಾದೆ ಇರುವುದಿಲ್ಲ ಅನ್ನುತ್ತಿದ್ದರು. ನಲವತ್ತು ವರ್ಷದಲ್ಲಿ ಜಗಳ ಬಂದದ್ದು ಒಂದೇ ಸಲ, ನೀನು ತಂದ ಜಗಳ.

ಆ ದಿನವನ್ನು ಮತ್ತೆ ಕೆದಕುವುದು ಬೇಡ ಅಂತ ಇಷ್ಟು ವರ್ಷ ಸುಮ್ಮನಿದ್ದೆ. ನೀನೇ ಕೆದಕಿದ್ದೀಯ. ನೀನು ಕಂಬದ ತಲೆಯಲ್ಲಿ ತೂಗುಗುಂಡು ಇಳಿಬಿಟ್ಟು, ಕಂಬ ನೆಟ್ಟಗಿದೆ, ವಾಲಿಲ್ಲ, ದಡವೇ ಮನೆಗಳ ಸಮೇತ ಕಡಲ ಕಡೆ ಸರಿಯುತ್ತಿದೆ ಅಂದೆ. ಕಚೇರಿಯಲ್ಲಿ ಅಂದಿದ್ದರೆ ಸರಿ, ಹದಿನೆಂಟು ಮನೆಗಳ ಬಾಗಿಲು ತಟ್ಟಿ ಅಂದೆ. ಮನೆಗಳು ಹಂಚಿಕೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಆಗಿನ ಸಾಹೇಬರು ಸಿಟ್ಟಾಗಿ ಎಲ್ಲರೆದುರು ಸಾಕ್ಷಿ ಮೊಳೆ ಅಳೆಸಿದರು. ಅಳತೆ ಅಪ್ಪನ ಕಾಲದ್ದೇ ಬಂತು. ನಿನ್ನ ಕೆಲಸ ಹೋಯಿತು. ನಾಲ್ಕು ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿ ಹೊರಟೆ. ತಾಯಿಯಿಲ್ಲದ ಮಗುವಿಗೆ ತಂದೆಯೂ ಇಲ್ಲದ ಹಾಗಾಯಿತು. ಬಟಾಣಿ ಬೆಳೆದದ್ದು, ಅಪ್ಪ ಊರಿಗೆಲ್ಲ ಸುಳ್ಳು ಗಾಬರಿ ಹಬ್ಬಿಸಿ ಓಡಿಹೋದರು ಅನ್ನುವ ಮಾತು ಕೇಳಿಕೊಂಡೇ. ನೀನು ಎರಡು ಸಲ ಬಂದಾಗಲೂ ಅವಳು ಹಿತ್ತಲಲ್ಲಿ ಹೋಗಿ ಕೂತಳು.

ಈಗ ಹೊಸ ಸುದ್ದಿ. ಹೋದ ಗುರುವಾರ ಮಧ್ಯಾಹ್ನ ಕಮಾನು ಬಿತ್ತು. ಉತ್ತರದಲ್ಲಿ ಕಡಲೊಳಗೆ ಚಾಚಿದ ನೆಲದ ಮೂಗಿನ ಬಂಡೆ ಕಮಾನು, ನಾವು ಚಿಕ್ಕವರಿದ್ದಾಗ ಇಳಿತದ ಹೊತ್ತಿನಲ್ಲಿ ಅದರೊಳಗೆ ಕೂಗಿ ಪ್ರತಿಧ್ವನಿ ಕೇಳುತ್ತಿದ್ದೆವಲ್ಲ, ಅದೇ. ನಾನು ಕಚೇರಿಯಲ್ಲಿದ್ದೆ. ಮೊದಲು ಕಿಟಕಿಯ ಗಾಜು ನಡುಗಿತು, ಆಮೇಲೆ ಸದ್ದು ಬಂತು. ಓಡಿ ಹೋಗಿ ನೋಡಿದರೆ ಮೇಲಿನ ಮಾಡು ಪೂರ್ತಿ ಹೋಗಿ ಆಚೆಯ ಕಾಲೊಂದೇ ನೀರಿನಲ್ಲಿ ನಿಂತಿತ್ತು. ಸುತ್ತಲಿನ ನೀರು ಹಾಲಿನ ಹಾಗೆ ಬೆಳ್ಳಗಾಗಿತ್ತು. ಊರಿಗೆ ಇನ್ನೊಂದು ಕಂಬ ಸಿಕ್ಕಿತು ಅಂತ ಸಾಹೇಬರು ಫೋಟೋ ತೆಗೆದರು.

ಅಪ್ಪ ಊಟದ ತಟ್ಟೆಯಲ್ಲಿ ಬ್ರೆಡ್ಡಿನ ತುಂಡು ಇಟ್ಟು ತೋರಿಸುತ್ತಿದ್ದದ್ದು ನೆನಪಿದೆಯಾ? ಕಡಲು ಮೊದಲು ನೆಲದ ಮೂಗಿನಲ್ಲಿ ಒಂದು ಸೀಳು ಹುಡುಕುತ್ತದೆ, ಅದನ್ನು ಕೊರೆದು ಗುಹೆ ಮಾಡುತ್ತದೆ. ಆಚೆ ಕಡೆಯಿಂದಲೂ ಕೊರೆದು ಎರಡು ಗುಹೆ ಕೂಡಿದರೆ ಕಮಾನು, ಕಮಾನಿನ ಮಾಡು ಬಿದ್ದರೆ ಕಂಬ, ಕಂಬವೂ ಸವೆದರೆ ಮೋಟು. ಕೊನೆಗೆ ತುಂಡನ್ನು ಬಾಯಿಗೆ ಹಾಕಿಕೊಂಡು, “ಆಮೇಲೆ ಏನೂ ಇಲ್ಲ” ಅನ್ನುತ್ತಿದ್ದರು. ನೀನು ಅಳುತ್ತಿದ್ದೆ, ನಾನು ನಗುತ್ತಿದ್ದೆ. ಬೀಗರ ಕಂಬವೂ ಒಂದು ಕಾಲಕ್ಕೆ ನಮ್ಮ ನೆಲವೇ ಆಗಿತ್ತು ಅನ್ನುವುದನ್ನು ಈಗ ಯಾರೂ ಯೋಚಿಸುವುದಿಲ್ಲ.

ಕಮಾನು ಬಿದ್ದ ಮಾರನೇ ದಿನ ಸಾಲುಮನೆಗಳಿಗೆ ನಲ್ಲಿ ನೀರು ನಿಂತಿತು. ಹಿಂದಿನ ರಸ್ತೆ ಅಗೆದ ಕೊಳಾಯಿಯವನು ಗುಂಡಿಯೊಳಗಿಂದ ನನ್ನನ್ನು ಕರೆದ. “ಇಲ್ನೋಡಿ. ಪೈಪು ಒಡೆದಿಲ್ಲ. ಎರಡು ಕಡೆಯಿಂದ ಹಿಡಿದು ಎಳೆದ ಹಾಗೆ ಜಾಯಿಂಟೇ ಬಿಚ್ಚಿಕೊಂಡಿದೆ. ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಇಂಥದ್ದು ನೋಡಿಲ್ಲ” ಅಂದ. ನಡುವೆ ಗೇಣಗಲ ಹೊಸ ತುಂಡು ಸೇರಿಸಿ ಮುಚ್ಚಿದ. ನೀರು ಬಂತು, ಎಲ್ಲರೂ ಮರೆತರು.

ಬಟಾಣಿಯ ಅಂಗಡಿ ಶುರುವಾಗಿದೆ. ಮೊದಲ ವಾರವೇ ಕೈತುಂಬ ಕೆಲಸ. ಬೆಂಚಿನ ಮೇಲೆ ಕೂತು ಕಂಬ ನೋಡುವವರು ಇವಳ ಬಾಗಿಲಿಗೂ ಬರುತ್ತಾರೆ. ಒಂದೇ ತೊಂದರೆ, ಕೈತಪ್ಪಿ ಬಿದ್ದ ರೀಲು ಬಿದ್ದಲ್ಲಿ ನಿಲ್ಲುವುದಿಲ್ಲ. ದಾರ ಬಿಚ್ಚಿಕೊಂಡು ಮುಂಬಾಗಿಲ ಹೊಸ್ತಿಲಿನವರೆಗೆ, ಕಡಲ ಕಡೆಗೇ ಉರುಳಿ ಹೋಗುತ್ತದೆ. ಅವಳಿಗೆ ಅದು ಆಟ. ಬೇಕೆಂದೇ ಬೀಳಿಸಿ, “ಅತ್ತೆ, ಹಿಡಿ” ಅನ್ನುತ್ತಾಳೆ. ಬಗ್ಗಿ ಹಿಡಿಯುತ್ತೇನೆ. ಎರಡನೇ ಸಲ ಬೀಳಿಸಿದರೆ, ಮಂಡಿನೋವು ಅನ್ನುತ್ತೇನೆ.

ಸಾಕ್ಷಿ ಮೊಳೆ ಅಳೆಯುವ ಬಗ್ಗೆ ಯೋಚಿಸುತ್ತಿದ್ದೇನೆ. ಒತ್ತಾಯ ಮಾಡಬೇಡ.

ನೀನು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬಾಳಬೇಕು,
ಅಕ್ಕ


ಮಾರ್ಚ್ ೨೯

ಪ್ರೀತಿಯ ತಮ್ಮಾ,

ಅಳೆದೆ.

ಕ್ಷೇಮ ಸಮಾಚಾರ ಕೇಳದೆ ಶುರು ಮಾಡಿದ್ದಕ್ಕೆ ಕ್ಷಮಿಸು. ನೀನು ಚೆನ್ನಾಗಿರುತ್ತೀಯ ಅಂತ ನಂಬಿದ್ದೇನೆ. ಇಲ್ಲಿ ಯಾರೂ ಚೆನ್ನಾಗಿಲ್ಲ, ಆದರೆ ಅದು ನನಗೊಬ್ಬಳಿಗೇ ಗೊತ್ತು. ಗೊಣಗಣ್ಣನಿಗೂ ಗೊತ್ತು ಅನ್ನು.

ಮೊನ್ನೆ ಕಡಲು ಸ್ವಲ್ಪ ಇಳಿದಿದ್ದಾಗ ಅವನನ್ನು ಕಂಬಕ್ಕೆ ಕಳಿಸಿ ಮತ್ತೆ ಅಳೆದೆ. ಮೂವತ್ತಮೂರು ಐವತ್ತೈದು. ಜನವರಿಯಿಂದ ಈಚೆಗೆ ಇನ್ನೂ ನಾಲ್ಕು ಹೋಗಿದೆ. ಒಟ್ಟು ನಲವತ್ತೈದು. ಆಮೇಲೆ ಅವನನ್ನೇ ಶಾಲೆಯ ಮೆಟ್ಟಿಲ ಹತ್ತಿರ ಕೂರಿಸಿ, ಎರಡು ಮನೆಗಳ ನಡುವಿನ ಓಣಿಯಲ್ಲಿ ಟೇಪು ಎಳೆದು, ಮುಂದಿನ ಮೊಳೆಯ ಹತ್ತಿರ ಮಂಡಿಯೂರಿದೆ. ಇಪ್ಪತ್ತಮೂರು ಮೀಟರ್ ಐದು ಸೆಂಟಿಮೀಟರ್. ಮೂರು ಸಲ ಓದಿದೆ. ಅಪ್ಪನ ಇಪ್ಪತ್ತೆರಡು ಅರವತ್ತಕ್ಕಿಂತ ನಲವತ್ತೈದು ಹೆಚ್ಚು. ಅಲ್ಲಿ ಎಷ್ಟು ಹೋಗಿದೆಯೋ ಇಲ್ಲಿ ಅಷ್ಟೇ ಬೆಳೆದಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೀಗರು ಇದ್ದಲ್ಲೇ ಇದ್ದಾರೆ. ನಾವೇ ಅವರ ಕಡೆ ಹೋಗುತ್ತಿದ್ದೇವೆ, ಹದಿನೆಂಟು ಮನೆ, ಒಂಬತ್ತು ಬೆಂಚು, ಮೂರು ಹೊಲಿಗೆ ಮೆಷಿನ್ನು ಎಲ್ಲ ಕಟ್ಟಿಕೊಂಡು.

ಗೊಣಗಣ್ಣ ಟೇಪು ಸುತ್ತುತ್ತಾ, “ಅಂಕಿ ಹೇಳ್ಬೇಡಿ ಅಕ್ಕಾ, ನಿಮ್ಮ ಮುಖ ನೋಡಿದ್ರೆ ಸಾಕು” ಅಂದ. ಆಮೇಲೆ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ದಡದ ಕೆಳಗೆ ಕರೆದುಕೊಂಡು ಹೋದ. ನಾನು ಅಲ್ಲಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ನಮ್ಮ ಮನೆಗಳ ನೇರ ಕೆಳಗೆ ಎರಡು ಗುಹೆ. ಒಂದರೊಳಗೆ ಅಲೆ ಹೋದರೆ ಇನ್ನೊಂದರ ಬಾಯಿಂದ ಗಾಳಿ ಬರುತ್ತದೆ. ಒಳಗೆ ಎಲ್ಲೋ ಕೂಡಿಕೊಂಡಿವೆ. ನಾವಿದ್ದಷ್ಟು ಹೊತ್ತೂ ಒಳಗಿನಿಂದ ಸಣ್ಣ ಕಲ್ಲು ಉದುರುವ ಸದ್ದು ನಿಲ್ಲಲಿಲ್ಲ. ದೊಡ್ಡ ಅಲೆಗಳ ಕಾಲಕ್ಕೆ ಇನ್ನು ಮೂರು ವಾರ ಕೂಡ ಇಲ್ಲ.

ಸೀದಾ ಸಾಹೇಬರ ಹತ್ತಿರ ಹೋದೆ. ಅವರು ಪುಸ್ತಕ ತರಿಸಿ, ಇಪ್ಪತ್ತೊಂದು ವರ್ಷದ ಹಿಂದಿನ ಪುಟ ತೆಗೆದರು.

“ಮೇಡಂ, ಇಲ್ಲಿ ನೋಡಿ. ಆಗ ಕಂಬದ ಅಂತರ ಆರು ಸೆಂಟಿಮೀಟರ್ ಕಡಿಮೆ ಆಗಿತ್ತು. ಅದೇ ದಿನ ಸಾಕ್ಷಿ ಮೊಳೆ ಅಳೆದಿದ್ದೀರಿ, ಇಪ್ಪತ್ತೆರಡು ಅರವತ್ತು, ಒಂದಿಷ್ಟೂ ಬದಲಾಗಿಲ್ಲ. ಅಂದ್ರೆ ಚಲಿಸೋದು ಕಂಬ, ದಡ ಅಲ್ಲ. ಸಹಿ ಯಾರದು?”

“ನಂದೇ” ಅಂದೆ.

“ಈಗ ಬಂದಿರೋ ಅಂಕೀಲೇ ಏನೋ ತಪ್ಪಿದೆ. ಶಾಲೆಯವರು ಮೆಟ್ಟಿಲು ರಿಪೇರಿ ಮಾಡಿಸಿರ್ತಾರೆ, ಮೊಳೆ ಅಲ್ಲಾಡಿರುತ್ತೆ. ಮೇ ತಿಂಗಳಲ್ಲಿ ಬೇರೆ ಕಡೆಯಿಂದ ಎಂಜಿನಿಯರ್ ಕರೆಸೋಣ. ಅಲ್ಲಿವರೆಗೂ ಯಾರ ಹತ್ರಾನೂ ಮಾತಾಡ್ಬೇಡಿ. ಹಿಂದೆ ಒಬ್ರು ಹಾಗೆ ಮಾಡಿ ಕೆಲಸ ಕಳ್ಕೊಂಡ್ರಂತೆ.”

ಆ ಒಬ್ಬರು ನನ್ನ ತಮ್ಮ ಅಂತ ಅವರಿಗೆ ಯಾರೂ ಹೇಳಿಲ್ಲ. ನಾನೂ ಹೇಳದೆ ಬಂದೆ.

ಮನೆಗೆ ಬಂದು ಬಟಾಣಿಗೆ ಹೇಳಿದೆ. ಮೆಷಿನ್ನುಗಳನ್ನು ಆಮೇಲೆ ಸಾಗಿಸೋಣ, ಇವತ್ತೇ ಪೇಟೆಯಲ್ಲಿ ಒಂದು ಕೋಣೆ ನೋಡು ಅಂದೆ. ಅವಳು ನಗುತ್ತಾ ಕೇಳಿದವಳು, ನಾನು ತಮಾಷೆ ಮಾಡುತ್ತಿಲ್ಲ ಅಂತ ಗೊತ್ತಾದಾಗ ಮುಖ ಬಿಗಿದಳು.

“ಅತ್ತೆ, ಅಪ್ಪನ ಹಾಗೆ ನೀನೂ ಶುರು ಮಾಡ್ಬೇಡ. ಶಾಲೇಲಿ ನನ್ನನ್ನ ಏನಂತ ಕರೀತಿದ್ರು ಗೊತ್ತಾ? ಗಾಬರಿ ಮಗಳು ಅಂತ. ಅಳ್ತಾ ಬಂದಾಗ ನೀನೇ ಆ ಪುಸ್ತಕ ತೆಗೆದು ತೋರಿಸ್ತಿದ್ದೆ. ನೋಡು, ಅಳತೆ ಸರಿಯಾಗಿದೆ, ನಮ್ಮನೆ ಎಲ್ಲೂ ಹೋಗಲ್ಲ ಅಂತ. ಆಗ ಸರಿ ಇದ್ದ ಪುಸ್ತಕ ಈಗ ಸುಳ್ಳಾಯ್ತಾ?”

ಪುಸ್ತಕದ ಮಾತು ಬಿಟ್ಟು, ಪೇಟೆಯ ಕೋಣೆಯ ಮಾತನ್ನೇ ಮತ್ತೆ ಎತ್ತಿದೆ.

ಎರಡು ದಿನದಿಂದ ಗೋಗರೆಯುತ್ತಿದ್ದೇನೆ. ಅತ್ತೆಗೆ ವಯಸ್ಸಾಯಿತು ಅನ್ನುವ ಹಾಗೆ ನೋಡಿ ಕೆಲಸ ಮುಂದುವರಿಸುತ್ತಾಳೆ. ಹಿಂದಿನ ರಸ್ತೆಯಲ್ಲಿ, ಪೈಪು ಹೂತಿದ್ದ ಕಡೆಯಿಂದ ಉದ್ದಕ್ಕೆ ಒಂದು ಗೆರೆ ಬಿದ್ದಿದೆ. ನಿನ್ನೆ ಅದರಲ್ಲಿ ಬೆಂಕಿಕಡ್ಡಿ ತೂರುತ್ತಿತ್ತು. ಇವತ್ತು ನನ್ನ ಕಿರುಬೆರಳು ಒಳಗೆ ಹೋಯಿತು.

ನೀನು ಅವಳಿಗೆ ಬರೆ. ತಂದೆಯಾಗಿ ಬರೆ, ಸ್ವಲ್ಪ ಗದರಿಸಿ ಬರೆ. ನನ್ನ ಮಾತು ಅವಳಿಗೆ ನಾಟುತ್ತಿಲ್ಲ. ನಿನ್ನ ಹಳೆಯ ಸಿಟ್ಟೆಲ್ಲ ನನ್ನ ಮೇಲಿರಲಿ, ಅವಳ ಮೇಲೆ ಬೇಡ.

ನೀನು ಎಲ್ಲಿದ್ದರೂ ನಿನ್ನ ಕಾಲ ಕೆಳಗಿನ ನೆಲ ಗಟ್ಟಿಯಾಗಿರಲಿ. ನಾನು ಕೊಡಬಹುದಾದ ಆಶೀರ್ವಾದ ಈಗ ಇಷ್ಟೇ.

ನಿನ್ನ,
ಅಕ್ಕ


ಮಡಚಿದ ಮೇಲೆ ಬರೆದದ್ದು, ಮಾರ್ಚ್ ೩೦ ಬೆಳಿಗ್ಗೆ

ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಬೆಳಿಗ್ಗೆ ಮುಂಬಾಗಿಲು ತೆರೆಯಲಿಲ್ಲ. ಬಟಾಣಿ ಹೆಗಲು ಕೊಟ್ಟು ನೂಕಿದಾಗ ಚೌಕಟ್ಟಿನ ಮರ ಮೇಲಿನಿಂದ ಕೆಳಗಿನವರೆಗೆ ಸೀಳಿತು. ಬಡಗಿಗೆ ಹೇಳಿ ಕಳಿಸಬೇಕು ಅನ್ನುತ್ತಾ ಹೋಗಿ ಮೆಷಿನ್ನಿನ ಮುಂದೆ ಕೂತಳು. ಬಡಗಿಗೆ. ನಾನು ಅವಳ ಹಿಂದೆ ನಿಂತು ಹೇಳಿಬಿಟ್ಟೆ. ಹೇಗೆ ಹೇಳಬೇಕು ಅಂತ ಇಪ್ಪತ್ತೊಂದು ವರ್ಷ ಯೋಚಿಸಿದ್ದೆ, ಒಂದೇ ಉಸಿರಿಗೆ ಮುಗಿದುಹೋಯಿತು.

ಅವಳು ಮೆಷಿನ್ನು ನಿಲ್ಲಿಸಿದಳು. ಸೂಜಿಯ ಕೆಳಗಿನಿಂದ ಬಟ್ಟೆ ತೆಗೆದು, ದಾರ ಕತ್ತರಿಸಿ, ಮಡಚಿ ಪಕ್ಕಕ್ಕಿಟ್ಟಳು.

“ಅಪ್ಪಂಗೆ ಗೊತ್ತಾ?”

ಇಲ್ಲ ಅಂದೆ. ಕಾಗದ ಬರೆದಿದ್ದೇನೆ ಅಂತ ಇದನ್ನು ಕೊಟ್ಟೆ. ನಿಧಾನವಾಗಿ ಪೂರ್ತಿ ಓದಿದಳು.

“ಎಲ್ಲಾ ಇದೆ. ಅದೊಂದೇ ಇಲ್ಲ” ಅಂದಳು.

ಮೊದಲು ಹೊರಗೆ ಹೋಗೋಣ, ರಸ್ತೆಯಲ್ಲಿ ಕೂತು ಬರೆಯುತ್ತೇನೆ ಅಂತ ಕೈ ಹಿಡಿದು ಎಳೆದೆ. ಅವಳು ಏಳಲಿಲ್ಲ.

“ಹೊರಗೆ ಹೋದ್ರೆ ನೀನು ಬರೆಯಲ್ಲ. ನಿನ್ನನ್ನ ನಂಗೊತ್ತು. ಇಲ್ಲೇ ಬರಿ. ನೀನು ಬರೆದು ಮುಗಿಸೋ ತನಕ ನಾನೂ ಇಲ್ಲಿಂದ ಏಳಲ್ಲ.”

ಈಗ ಕತ್ತರಿಸುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಅವಳು ಎದುರಿಗೆ ಕೈಕಟ್ಟಿ ಕೂತಿದ್ದಾಳೆ. ಹಿಂದಿನ ಕೋಣೆಯಲ್ಲಿ ಗೋಡೆಯ ಗಾರೆ ಆಗಾಗ ಉದುರುತ್ತಿದೆ. ಬೇಗ ಬರೆಯುತ್ತೇನೆ.

ಆ ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ನೀನು, ಅಳತೆ ನಾನು ಹೇಳಿದ ಹಾಗೆ ಬಂದರೆ ಬಟಾಣಿಯನ್ನು ಕರೆದುಕೊಂಡು ಇವತ್ತೇ ಈ ಊರು ಬಿಡುತ್ತೇನೆ ಅಂದೆ. ಸುಮ್ಮನೆ ಅಂದೆ, ನನ್ನ ಕಡೆ ನೋಡಲೂ ಇಲ್ಲ. ಹುಟ್ಟಿದ ದಿನದಿಂದ ಅವಳು ನನ್ನ ಪಕ್ಕದಲ್ಲಿ ಮಲಗಿದವಳು. ನೀನು ಶಾಲೆಯ ಮೆಟ್ಟಿಲಲ್ಲಿ ಸೊನ್ನೆ ಹಿಡಿದು ಕೂತಿದ್ದೆ. ನಿನಗೆ ಅಂಕಿ ಕಾಣುವಂತಿರಲಿಲ್ಲ. ಸಾಹೇಬರು ಪುಸ್ತಕ ಹಿಡಿದು ನಿಂತಿದ್ದರು, ಬಗ್ಗಿ ನೋಡಲಿಲ್ಲ. ನಾನು ಮೊಳೆಯ ಮುಂದೆ ಮಂಡಿಯೂರಿದ್ದೆ, ಬಟಾಣಿ ನನ್ನ ಬೆನ್ನಿಗೆ ಒರಗಿ ನಿಂತಿದ್ದಳು. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ನಾನು ಅಪ್ಪನ ಅಂಕಿಯನ್ನೇ ಕೂಗಿದೆ.

ನೀನು ಸಾಹೇಬರೊಡನೆ ಜಗಳವಾಡುತ್ತೀಯ, ಇನ್ನೊಂದು ಸಲ ಅಳೆಸುತ್ತೀಯ ಅಂದುಕೊಂಡಿದ್ದೆ. ನೀನು ಎದ್ದು ನಿಂತು, “ಅಕ್ಕ ಓದಿದ್ರೆ ಸರಿಯಾಗೇ ಓದಿರ್ತಾಳೆ, ನನ್ನ ಕಣ್ಣೇ ಕೆಟ್ಟಿದೆ” ಅಂದೆ. ಅಷ್ಟು ಹೊತ್ತಿಗೆ ಸಾಹೇಬರು ಬರೆದುಕೊಂಡಾಗಿತ್ತು. ಕಣ್ಣು ಕೆಟ್ಟವನ ಜೊತೆ ಮಗು ಬೇಡ ಅಂತ ನೀನೇ ಅವಳನ್ನು ನನಗೆ ಕೊಟ್ಟು ಹೋದೆ. ನಾನು ತೆಗೆದುಕೊಂಡೆ. ಸಂತೋಷದಿಂದ ತೆಗೆದುಕೊಂಡೆ, ಅದನ್ನೂ ಬರೆಯಬೇಕು.

ಅವಳು ಈಗ ಅಂಕಿ ಹಾಕು ಅನ್ನುತ್ತಿದ್ದಾಳೆ.

ಆ ದಿನ ಟೇಪಿನಲ್ಲಿ ಇದ್ದದ್ದು ಇಪ್ಪತ್ತೆರಡು ಮೀಟರ್ ಅರವತ್ತಾರು. ನೀನು ನೋಡಿದ್ದು ಸರಿಯಾಗಿತ್ತು. ನಿನ್ನ ಕಣ್ಣಿಗೆ ಯಾವತ್ತೂ ಏನೂ ಆಗಿರಲಿಲ್ಲ.

ಓದಿದಳು. ಎದ್ದಳು. ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡು, ಹಿಂಬಾಗಿಲಿನಿಂದ ಹೊರಗೆ ಹೋಗಿ ರಸ್ತೆಯ ಆಚೆ, ಶಾಲೆಯ ಕಡೆಯ ನೆಲದಲ್ಲಿ ನಿಂತಿದ್ದಾಳೆ. ಕಿಟಕಿಯಿಂದ ಕಾಣುತ್ತಿದ್ದಾಳೆ.

ಇನ್ನು ಉಳಿದ ಹದಿನೇಳು ಬಾಗಿಲು ತಟ್ಟಲು ಹೋಗುತ್ತೇನೆ. ಪುಸ್ತಕದಲ್ಲಿ ಸುಳ್ಳು ಬರೆಸಿದವಳು ನಾನೇ ಅಂತ ಮೊದಲು ಹೇಳಬೇಕು, ಆಮೇಲೆ ನನ್ನ ಅಂಕಿ ನಂಬಿ ಮನೆ ಬಿಡಿ ಅನ್ನಬೇಕು. ಎಷ್ಟು ಜನ ನಂಬುತ್ತಾರೋ ಗೊತ್ತಿಲ್ಲ.